ಜಾಂಗೊ ಕೂರುತ್ತಿಲ್ಲವೇ? ಮೊದಲು ಪೈಥಾನ್ ಎಷ್ಟಿವೆ ನೋಡಿ

ಶಿವಮೊಗ್ಗದಲ್ಲಿ ಬಿಸಿಎ, ಎಂಜಿನಿಯರಿಂಗ್ ಓದುವ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ಸ್ವಂತ ಕಂಪ್ಯೂಟರಿಗೆ ಜಾಂಗೊ ಹಾಕಿಕೊಳ್ಳಲು ಕುಳಿತರೆ, ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಎಳೆಯುತ್ತದೆ. ಕೆಟ್ಟಾಗ ಎಲ್ಲರೂ ಹಿಡಿಯುವ ದಾರಿ ಒಂದೇ: ತೆಗೆದು ಹಾಕು, ಮತ್ತೆ ಇನ್‌ಸ್ಟಾಲ್ ಮಾಡು. ಹಾಗೆ ಮಾಡಿದಷ್ಟೂ ಯಂತ್ರದೊಳಗೆ ಪೈಥಾನ್‌ಗಳ ಸಂಖ್ಯೆ ಏರುತ್ತದೆ, ತಲೆನೋವೂ ಏರುತ್ತದೆ. ಈ ಪಾಡಿನಲ್ಲಿ ಜಾಂಗೊದ ತಪ್ಪು ಇರುವುದು ತೀರಾ ಅಪರೂಪ. ನೀವು ಕರೆದ ಪೈಥಾನ್ ಒಂದು, ಓಗೊಟ್ಟದ್ದು ಇನ್ನೊಂದು. ರೋಗದ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ.

ಜಾಂಗೊ ಎಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಬೇಕಾದ ಚೌಕಟ್ಟು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ವೆಬ್ ವಿಭಾಗದಲ್ಲಿ ಹುಟ್ಟಿ, 2005ರಲ್ಲಿ ಎಲ್ಲರ ಬಳಕೆಗೆ ಮುಕ್ತವಾಯಿತು. ಪೂರ್ತಿ ಉಚಿತ. ಆದ್ದರಿಂದ 'ಎಲ್ಲ ಸಾಫ್ಟ್‌ವೇರ್ ಒಟ್ಟಿಗೆ' ಎಂದು ಪೆನ್‌ಡ್ರೈವ್‌ನಲ್ಲಿ ತುಂಬಿ ಕೊಡುವ ಗಂಟನ್ನು ಮುಟ್ಟಬೇಡಿ. ಅದರಲ್ಲಿ ಹಳೆಯ ಪೈಥಾನ್ ಇರುತ್ತದೆ, ಕೆಲವೊಮ್ಮೆ ವೈರಸ್ಸೂ ಇರುತ್ತದೆ.

ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನೀವು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಬೇಕು. ಜಾಂಗೊ ಎಂದು ಬರೆಯುವಾಗ ಮೊದಲ ಅಕ್ಷರ ಡಿ, ಆಮೇಲೆ ಜೆ. ಡಿ ಬಿಟ್ಟರೆ ಬೇರೆಯದೇ ಪ್ಯಾಕೇಜನ್ನು ಹುಡುಕಿಸಿದಂತಾಗುತ್ತದೆ. ಹೆಸರಾಂತ ಪ್ಯಾಕೇಜುಗಳ ತಪ್ಪು ಕಾಗುಣಿತದಲ್ಲಿ ಕಳ್ಳ ಪ್ಯಾಕೇಜುಗಳನ್ನು ಇಟ್ಟು ಕಾಯುವವರು ಇದ್ದಾರೆ, ಎಚ್ಚರ.

ಮೊದಲ ಹೆಜ್ಜೆ: ಪೈಥಾನ್

ಪೈಥಾನ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲರ್ ತೆರೆದಾಗ ದೊಡ್ಡದಾಗಿ 'ಇನ್‌ಸ್ಟಾಲ್ ನೌ' ಎಂದು ಕಾಣುತ್ತದೆ, ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ತಡೆಯಿರಿ. ಅದೇ ಕಿಟಕಿಯ ತಳದಲ್ಲಿ ಪೈಥಾನನ್ನು ಪಾತ್‌ಗೆ ಸೇರಿಸಲೇ ಎಂದು ಕೇಳುವ ಪುಟ್ಟ ಚೌಕವಿದೆ. ಅದರಲ್ಲಿ ಟಿಕ್ ಇರುವುದಿಲ್ಲ. ನೀವೇ ಹಾಕಬೇಕು.

ಪಾತ್ ಎಂದರೆ, ನೀವು ಹೊಡೆದ ಹೆಸರಿನ ಪ್ರೋಗ್ರಾಮನ್ನು ವಿಂಡೋಸ್ ಯಾವ ಯಾವ ಫೋಲ್ಡರಿನಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಎಂಬ ಪಟ್ಟಿ. ಒಂದೇ ಕೇರಿಯಲ್ಲಿ ಮೂವರು ಮಂಜುನಾಥರಿದ್ದಾಗ ಹೆಸರು ಕೂಗಿದರೆ ಹತ್ತಿರದ ಮನೆಯವನು ಹೊರಗೆ ಬರುತ್ತಾನಲ್ಲ, ಪಾತ್‌ನಲ್ಲಿ ಮೊದಲು ಸಿಕ್ಕ ಪೈಥಾನ್ ಹಾಗೆ ಎದ್ದು ಬರುತ್ತದೆ. ಅದು ನಿಮಗೆ ಬೇಕಾದದ್ದೇ ಎಂಬ ಖಾತರಿ ಇಲ್ಲ.

ಟಿಕ್ ಮರೆತಿದ್ದರೆ ಅನ್‌ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಅದೇ ಇನ್‌ಸ್ಟಾಲರನ್ನು ಮತ್ತೆ ತೆರೆದು 'ಮಾಡಿಫೈ' ಒತ್ತಿ, ಮುಂದಿನ ಪುಟಕ್ಕೆ ಹೋಗಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಸೇರಿಸುವ ಆಯ್ಕೆಗೆ ಟಿಕ್ ಹಾಕಿ. ಆಮೇಲೆ ಮೊದಲೇ ತೆರೆದಿದ್ದ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಹೊಡೆಯುವ ಕಪ್ಪು ಕಿಟಕಿ) ಇದ್ದರೆ ಅದನ್ನು ಮುಚ್ಚಿ ಹೊಸದನ್ನು ತೆರೆಯಿರಿ. ಹಳೆಯ ಕಿಟಕಿ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರುತ್ತದೆ. ಟಿಕ್ ಹಾಕಿದ ಮೇಲೂ 'ಬರುತ್ತಿಲ್ಲ' ಎನ್ನುವವರ ಕಿಟಕಿಯನ್ನು ಮುಚ್ಚಿ ತೆರೆದರೆ ಸಾಕು, ಬಹಳ ಸಲ ಸರಿಯಾಗಿಬಿಡುತ್ತದೆ.

ಈಗ ಇಡೀ ಕೆಲಸದ ಮುಖ್ಯ ಘಟ್ಟ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವೇರ್ ಪೈಥಾನ್' ಎಂದು ಹೊಡೆಯಿರಿ. ವೇರ್ ಎಂದರೆ ಇಂಗ್ಲಿಷಿನಲ್ಲಿ 'ಎಲ್ಲಿ' ಎಂದು ಕೇಳುವ ಪದ. ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಬೇಡ, ಅಲ್ಲಿ 'ವೇರ್' ಎಂಬುದಕ್ಕೆ ಬೇರೆ ಕೆಲಸವಿದೆ. ಕಮಾಂಡ್ ಪ್ರಾಂಪ್ಟೇ ಆಗಬೇಕು. ಪಾತ್‌ನಲ್ಲಿ ಸಿಕ್ಕ ಪೈಥಾನ್‌ಗಳೆಲ್ಲ ಸಾಲಾಗಿ ಬರುತ್ತವೆ. ಸಾಲಿನಲ್ಲಿ 'ಪ್ರೋಗ್ರಾಮ್ಸ್', ಅದರೊಳಗೆ 'ಪೈಥಾನ್' ಎಂಬ ಫೋಲ್ಡರ್ ಕಂಡರೆ ಅದು ನೀವು ಹಾಕಿದ್ದು. 'ವಿಂಡೋಸ್‌ಆ್ಯಪ್ಸ್' ಎಂದು ಕಂಡರೆ, ಮೈಕ್ರೋಸಾಫ್ಟ್ ಸ್ಟೋರ್‌ನಿಂದ ನೀವು ಬೇಕೆಂದೇ ಪೈಥಾನ್ ಹಾಕಿರದಿದ್ದ ಪಕ್ಷದಲ್ಲಿ, ಅದು ಪೈಥಾನೇ ಅಲ್ಲ. ಸ್ಟೋರ್ ತೆರೆಯಲೆಂದು ವಿಂಡೋಸ್ ಇಟ್ಟ ಖಾಲಿ ಬಾಗಿಲು. ಪೈಥಾನ್ ಎಂದು ಹೊಡೆದೊಡನೆ ಸ್ಟೋರ್ ತೆರೆದುಕೊಳ್ಳುವುದು, ಅಥವಾ 'ಪೈಥಾನ್ ಸಿಗಲಿಲ್ಲ, ಸ್ಟೋರ್‌ನಿಂದ ಹಾಕಿಕೊಳ್ಳಿ' ಎಂಬ ಸಂದೇಶ ಬರುವುದು ಇದರಿಂದಲೇ.

ಈ ಸಾಲು ಮೊದಲು ಬಂದರೆ ಸೆಟ್ಟಿಂಗ್ಸ್ ತೆರೆದು ಹುಡುಕುವ ಜಾಗದಲ್ಲಿ 'ಆ್ಯಪ್ ಎಕ್ಸಿಕ್ಯೂಷನ್ ಅಲಯಾಸಸ್' ಎಂದು ಹೊಡೆಯಿರಿ. ಪಟ್ಟಿಯಲ್ಲಿ ಪೈಥಾನ್ ಹೆಸರಿನ ಎರಡು ಸ್ವಿಚ್‌ಗಳಿರುತ್ತವೆ. ಎರಡನ್ನೂ ಆಫ್ ಮಾಡಿ. ಸ್ಟೋರ್‌ನಿಂದಲೇ ಪೈಥಾನ್ ಹಾಕಿಕೊಂಡರೆ ಆಗದೇ ಎಂದರೆ, ಆಗುತ್ತದೆ. ಆದರೂ ನಾನು ಹೇಳುವುದು ಬೇಡ ಎಂದೇ. ಫೈಲುಗಳು ಎಲ್ಲಿ ಕುಳಿತಿವೆ ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ.

ವೇರ್ ಪೈಥಾನ್‌ಗೆ ಮೂರು ನಾಲ್ಕು ಸಾಲು ಬಂದರೆ ಗಾಬರಿಯಾಗಬೇಡಿ, ಎಲ್ಲವನ್ನೂ ಕಿತ್ತೊಗೆಯಲೂ ಬೇಡಿ. ಬೇರೆ ಯಾವುದೋ ಸಾಫ್ಟ್‌ವೇರ್ ತನ್ನ ಅಗತ್ಯಕ್ಕೆ ಪೈಥಾನ್ ತಂದಿಟ್ಟುಕೊಂಡಿರಬಹುದು. ಯಾವುದು ಮೊದಲ ಸಾಲಿನಲ್ಲಿದೆ ಎಂದು ತಿಳಿದರೆ ಸಾಕು.

ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪ್‌ಗಳು ನಮ್ಮ ಕಡೆ ಇನ್ನೂ ಓಡುತ್ತಿವೆ. ಅದರಲ್ಲಿ ಕೂರುವ ಕೊನೆಯ ಪೈಥಾನ್ 3.8. ಅದರ ಮೇಲೆ ಜಾಂಗೊ 4.2 ತನಕ ಮಾತ್ರ ಹೋಗಬಹುದು. ಜಾಂಗೊ 5ಕ್ಕೆ ಪೈಥಾನ್ 3.10 ಆದರೂ ಬೇಕು. ಪೈಥಾನ್ ಪ್ಯಾಕೇಜುಗಳನ್ನು ಇಳಿಸಿ ಹಾಕುವ ಸಾಧನವಾದ ಪಿಪ್ ಇದನ್ನು ತಾನೇ ಲೆಕ್ಕ ಹಾಕಿ ಹಳೆಯ ಜಾಂಗೊವನ್ನು ಸದ್ದಿಲ್ಲದೆ ಹಾಕಿಬಿಡುತ್ತದೆ. ನೀವು ಹೊಸದಕ್ಕೆ ಬರೆದ ಪಾಠ ಓದುತ್ತಾ ಯಾಕೆ ಹೊಂದುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತೀರಿ. ಅಪ್ಪನ ಅಡಿಕೆ ಲೆಕ್ಕದ ಕಂಪ್ಯೂಟರನ್ನು ಈ ಕೆಲಸಕ್ಕೆ ಎಳೆಯದಿರುವುದೇ ಒಳ್ಳೆಯದು.

ಎರಡನೆಯ ಹೆಜ್ಜೆ: ಪ್ರಾಜೆಕ್ಟ್‌ಗೊಂದು ಪ್ರತ್ಯೇಕ ಕೋಣೆ

ಸಿ ಅಥವಾ ಡಿ ಡ್ರೈವ್‌ನಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿ. ಹೆಸರಿನಲ್ಲಿ ಖಾಲಿ ಜಾಗ ಬೇಡ. ಡೆಸ್ಕ್‌ಟಾಪ್ ಮೇಲೆ ಮಾತ್ರ ಮಾಡಬೇಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡೆಸ್ಕ್‌ಟಾಪ್ ಒನ್‌ಡ್ರೈವ್‌ಗೆ ಅಂಟಿಕೊಂಡಿರುತ್ತದೆ. ನೀವು ಹಾಕಿದ ಸಾವಿರಾರು ಸಣ್ಣ ಫೈಲುಗಳನ್ನು ಅದು ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಆಕಾಶಕ್ಕೆ ಏರಿಸತೊಡಗಿದರೆ ದಿನದ ಡೇಟಾ ಮುಗಿದ ಮೇಲೆಯೇ ನಿಮಗೆ ಗೊತ್ತಾಗುವುದು.

ಆ ಫೋಲ್ಡರಿಗೆ ಹೋಗಿ 'ಪೈ -ಎಂ ವಿಎನ್ವ್ ಎನ್ವ್' ಎಂದು ಹೊಡೆಯಿರಿ. ಪೈ ಎಂಬುದರಲ್ಲಿ ಪಿ, ವೈ ಎಂಬ ಎರಡಕ್ಷರ. ವಿಎನ್ವ್ ಎಂಬುದರಲ್ಲಿ ವಿ, ಇ, ಎನ್, ವಿ ಎಂಬ ನಾಲ್ಕಕ್ಷರ. ಎನ್ವ್‌ನಲ್ಲಿ ಇ, ಎನ್, ವಿ ಎಂಬ ಮೂರು. ಇದರಿಂದ ಎನ್ವ್ ಎಂಬ ಫೋಲ್ಡರ್ ಹುಟ್ಟುತ್ತದೆ. ಈ ಪ್ರಾಜೆಕ್ಟ್‌ಗೆ ಮಾತ್ರ ಸೇರಿದ ಪೈಥಾನ್ ಅದರೊಳಗಿರುತ್ತದೆ. ಇದನ್ನು ಎಬ್ಬಿಸಲು 'ಎನ್ವ್\ಸ್ಕ್ರಿಪ್ಟ್ಸ್\ಆಕ್ಟಿವೇಟ್'. ಸಾಲಿನ ಆರಂಭದಲ್ಲಿ ಆವರಣದೊಳಗೆ ಎನ್ವ್ ಎಂದು ಕಂಡರೆ ಎದ್ದಿದೆ ಎಂದು ಅರ್ಥ. ಅಷ್ಟಕ್ಕೇ ನಂಬಬೇಡಿ, ಇನ್ನೊಮ್ಮೆ ವೇರ್ ಪೈಥಾನ್ ಕೇಳಿ. ಮೊದಲ ಸಾಲು ಈಗ ನಿಮ್ಮ ಎನ್ವ್ ಫೋಲ್ಡರಿನದ್ದೇ ಆಗಿರಬೇಕು.

ಕೋಡ್ ಬರೆಯಲು ವಿಎಸ್ ಕೋಡ್ ಎಂಬ ಎಡಿಟರ್ ಬಳಸುವವರು ಎಡವುವುದು ಇಲ್ಲಿ. ಅದರ ಟರ್ಮಿನಲ್ ಸಾಮಾನ್ಯವಾಗಿ ಪವರ್‌ಶೆಲ್‌ನಲ್ಲಿ ತೆರೆಯುತ್ತದೆ. ಆಕ್ಟಿವೇಟ್ ಎಂದೊಡನೆ 'ಈ ಯಂತ್ರದಲ್ಲಿ ಸ್ಕ್ರಿಪ್ಟ್ ಓಡಿಸುವುದನ್ನು ತಡೆಹಿಡಿಯಲಾಗಿದೆ' ಎಂಬ ಕೆಂಪು ಸಂದೇಶ ಬರುತ್ತದೆ. ವಿಡಿಯೊಗಳಲ್ಲಿ ಇದಕ್ಕೆ ಅಡ್ಮಿನಿಸ್ಟ್ರೇಟರ್ ಆಗಿ ಹೋಗಿ ತಡೆಯನ್ನೇ ಪೂರ್ತಿ ಕಿತ್ತುಹಾಕುವ ಕಮಾಂಡ್ ತೋರಿಸುತ್ತಾರೆ. ಹಾಗೆ ಮಾಡಬೇಡಿ. ಟರ್ಮಿನಲ್‌ನ ಕೂಡಿಸುವ ಚಿಹ್ನೆಯ ಪಕ್ಕದ ಬಾಣ ಒತ್ತಿ 'ಕಮಾಂಡ್ ಪ್ರಾಂಪ್ಟ್' ಆರಿಸಿದರೆ ತಡೆಯೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಹಾಗೆಯೇ ಪೈಥಾನ್ ಫೈಲೊಂದನ್ನು ತೆರೆದು, ಕೆಳಗೆ ಬಲಮೂಲೆಯಲ್ಲಿ ಕಾಣುವ ಪೈಥಾನ್ ಆವೃತ್ತಿಯ ಮೇಲೆ ಒತ್ತಿ ಎನ್ವ್‌ನದ್ದನ್ನೇ ಆರಿಸಿ. ಇಲ್ಲವಾದರೆ ಜಾಂಗೊ ಸರಿಯಾಗಿ ಕುಳಿತಿದ್ದರೂ ಹೆಸರಿನ ಕೆಳಗೆ ಗೆರೆ ಎಳೆದು 'ಇದು ಯಾರೋ ಗೊತ್ತಿಲ್ಲ' ಎನ್ನುತ್ತಿರುತ್ತದೆ.

ಹಾಸ್ಟೆಲ್‌ನಲ್ಲಿ ನಡೆಯುವ ಇನ್ನೊಂದು ಅಡ್ಡದಾರಿ: ಗೆಳೆಯನ ಪ್ರಾಜೆಕ್ಟ್ ಫೋಲ್ಡರನ್ನು ಎನ್ವ್ ಸಮೇತ ಪೆನ್‌ಡ್ರೈವ್‌ಗೆ ಎತ್ತಿಕೊಂಡು ಬರುವುದು. ಎನ್ವ್ ಒಳಗೆ ಗೆಳೆಯನ ಯಂತ್ರದ ವಿಳಾಸಗಳು ಪೂರ್ತಿಯಾಗಿ ಬರೆದಿರುತ್ತವೆ. ನಿಮ್ಮಲ್ಲಿ ಪಿಪ್ ಓಡಿಸಿದರೆ 'ಲಾಂಚರ್‌ನಲ್ಲಿ ಮಾರಕ ದೋಷ' ಎಂದು ಬರುತ್ತದೆ. ನಿಮ್ಮದೇ ಫೋಲ್ಡರಿನ ಹೆಸರು ಬದಲಿಸಿದರೂ ಇದೇ ಗತಿ. ಎನ್ವ್ ಫೋಲ್ಡರನ್ನು ಅಳಿಸಿ ಹೊಸದು ಮಾಡಿ, ಬೇರೆ ಮದ್ದಿಲ್ಲ. ನೀವು ಬರೆದ ಕೋಡ್ ಅದರೊಳಗೆ ಇಲ್ಲದಿರುವುದರಿಂದ ನಷ್ಟವೇನೂ ಇಲ್ಲ.

ಮೂರನೆಯ ಹೆಜ್ಜೆ: ಜಾಂಗೊ, ಮಳೆಗಾಲದ ನೆಟ್‌ವರ್ಕ್

ಕಮಾಂಡ್ ಇಷ್ಟೇ: 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಜಾಂಗೊ'. ಬರೀ 'ಪಿಪ್ ಇನ್‌ಸ್ಟಾಲ್' ಎನ್ನುವ ಅಭ್ಯಾಸ ಬಿಡಿ. ಬರೀ ಪಿಪ್ ಎಂದರೆ ಯಾವ ಪೈಥಾನಿನ ಪಿಪ್ ಎದ್ದು ಬರುತ್ತದೋ ಹೇಳಲಾಗದು. 'ಜಾಂಗೊ ಹಾಕಿದ್ದೇನೆ ಸರ್, ಆದರೂ ಮಾಡ್ಯೂಲ್ ಇಲ್ಲ ಎನ್ನುತ್ತದೆ' ಎಂಬ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ.

ಜಾಂಗೊದ ಫೈಲು ಸುಮಾರು 8 ಎಂಬಿ. ಶಿವಮೊಗ್ಗದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುತ್ತದೆ. ಹೊಸನಗರದ ಆಚೆಯ ಮನೆಯಲ್ಲಿ, ಜುಲೈ ತಿಂಗಳಲ್ಲಿ, ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುವ ಸಿಗ್ನಲ್ ಹಿಡಿದು ಕುಳಿತರೆ ಅದೇ 8 ಎಂಬಿ ಬೆಟ್ಟವಾಗುತ್ತದೆ. ಪಿಪ್ 15 ಸೆಕೆಂಡ್ ಉತ್ತರ ಬಾರದಿದ್ದರೆ ಕೈಚೆಲ್ಲುತ್ತದೆ, ಕೆಲವು ಸಲ ಮತ್ತೆ ಯತ್ನಿಸಿ ಉದ್ದನೆಯ ಕೆಂಪು ಪಟ್ಟಿ ಉಗುಳುತ್ತದೆ. ಪಟ್ಟಿಯ ಕೊನೆಯ ಸಾಲಿನಲ್ಲಿ 'ಟೈಮ್ಡ್ ಔಟ್' ಎಂದಿದ್ದರೆ ಕಮಾಂಡ್‌ನ ಕೊನೆಗೆ ಎರಡು ಅಡ್ಡಗೆರೆ ಹಾಕಿ 'ಟೈಮ್ಔಟ್ 100' ಎಂದು ಸೇರಿಸಿ.

ಅದಕ್ಕೂ ಬಗ್ಗದಿದ್ದರೆ, ಪೇಟೆಗೆ ಹೋದಾಗ ಒಳ್ಳೆಯ ವೈಫೈ ಇರುವಲ್ಲಿ ಅದೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮುಗಿಸಿಕೊಂಡು ಬನ್ನಿ. ಮನೆಯಲ್ಲಿರುವುದು ಡೆಸ್ಕ್‌ಟಾಪ್ ಆದರೆ, ಅದೇ ಪೈಥಾನ್ ಆವೃತ್ತಿ ಇರುವ ಗೆಳೆಯರ ವಿಂಡೋಸ್ ಯಂತ್ರದಲ್ಲಿ ಇನ್‌ಸ್ಟಾಲ್ ಬದಲು 'ಡೌನ್‌ಲೋಡ್' ಎಂದು ಹೊಡೆಯಿರಿ. ಜಾಂಗೊ ಜತೆಗೆ ಎಎಸ್‌ಜಿಐರೆಫ್, ಎಸ್‌ಕ್ಯೂಎಲ್‌ಪಾರ್ಸ್, ಟಿಝಡ್‌ಡೇಟಾ ಎಂಬ ಫೈಲುಗಳೂ ಬರುತ್ತವೆ. ನಾಲ್ಕನ್ನೂ ಪೆನ್‌ಡ್ರೈವ್‌ನಲ್ಲಿ ತನ್ನಿ. ಮನೆಯಲ್ಲಿ ಅವನ್ನು ಹಾಕಿದ ಫೋಲ್ಡರಿಗೆ ಹೋಗಿ, ಇನ್‌ಸ್ಟಾಲ್ ಕಮಾಂಡ್‌ಗೆ '--ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್=.' ಎಂದು ಸೇರಿಸಿದರೆ ಇಂಟರ್ನೆಟ್ ಇಲ್ಲದೆಯೇ ಕೂರುತ್ತದೆ. ಕೊನೆಯ ಚುಕ್ಕಿ ಬಿಡಬೇಡಿ, 'ಇದೇ ಫೋಲ್ಡರ್' ಎಂದು ಹೇಳುವುದು ಅದೇ.

ನೆಟ್‌ವರ್ಕ್ ಚೆನ್ನಾಗಿದ್ದೂ 'ಸರ್ಟಿಫಿಕೇಟ್ ವೆರಿಫೈ ಫೇಲ್ಡ್' ಎಂದು ಬಂದರೆ ಪರದೆಯ ಮೂಲೆಯ ತಾರೀಖು ನೋಡಿ. ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನಲ್ಲಿ ನಾಣ್ಯದಷ್ಟಿರುವ ಸಿಆರ್ 2032 ಸೆಲ್ ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ತಾಣದ ಗುರುತಿನ ಚೀಟಿಯಾದ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ ಎಂದು ಯಂತ್ರ ತಿಳಿಯುತ್ತದೆ. ತಾರೀಖು ಸರಿಪಡಿಸಿ, ಸೆಲ್ ಬದಲಿಸಿ. ಈ ದೋಷಕ್ಕೆ 'ಟ್ರಸ್ಟೆಡ್ ಹೋಸ್ಟ್' ಎಂಬ ತೇಪೆ ಎಲ್ಲೆಡೆ ಓಡಾಡುತ್ತಿದೆ. ಸರ್ಟಿಫಿಕೇಟ್ ಪರೀಕ್ಷೆಯನ್ನೇ ಬಿಟ್ಟುಬಿಡು ಎನ್ನುವ ತೇಪೆ ಅದು. ಹಚ್ಚಬೇಡಿ.

ಜಾಂಗೊ ಕುಳಿತೊಡನೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಜೋಡಿಸಲು ಹೊರಟು 'ವಿಷುವಲ್ ಸಿ++ ಬೇಕು' ಎಂಬ ಸಂದೇಶದ ಮುಂದೆ ಕುಳಿತವರೂ ಇದ್ದಾರೆ. ಕಲಿಯುವಾಗ ಅದರ ಗೊಡವೆ ಬೇಡ. ಎಸ್‌ಕ್ಯೂಎಲ್‌ಲೈಟ್ ಎಂಬ ಪುಟ್ಟ ಡೇಟಾಬೇಸ್ ಪೈಥಾನ್ ಜತೆಗೇ ಬಂದಿರುತ್ತದೆ, ಜಾಂಗೊ ತಾನಾಗಿ ಅದನ್ನೇ ಬಳಸುತ್ತದೆ.

ಉಳಿದದ್ದು

'ಪೈಥಾನ್ -ಎಂ ಜಾಂಗೊ ಸ್ಟಾರ್ಟ್‌ಪ್ರಾಜೆಕ್ಟ್', ಮುಂದೆ ಪ್ರಾಜೆಕ್ಟ್ ಹೆಸರು. 'ಅಡಿಕೆ-ಲೆಕ್ಕ' ಎಂದು ನಡುವೆ ಅಡ್ಡಗೆರೆ ಹಾಕಿದರೆ ಒಪ್ಪುವುದಿಲ್ಲ, 'ಅಡಿಕೆಲೆಕ್ಕ' ಎಂದರೆ ಒಪ್ಪುತ್ತದೆ. ಟೆಸ್ಟ್, ಜಾಂಗೊ ಎಂಬ ಹೆಸರುಗಳೂ ನಡೆಯುವುದಿಲ್ಲ, ಅವು ಈಗಾಗಲೇ ಬೇರೆಯವರ ಸ್ವತ್ತು. ಆ ಫೋಲ್ಡರಿನೊಳಗೆ ಹೋಗಿ 'ಪೈಥಾನ್ ಮ್ಯಾನೇಜ್.ಪಿವೈ ರನ್‌ಸರ್ವರ್' ಎನ್ನಿ, ಬ್ರೌಸರ್‌ನಲ್ಲಿ 127.0.0.1:8000 ತೆರೆಯಿರಿ. ರಾಕೆಟ್ ಚಿತ್ರ ಬಂದರೆ ಮುಗಿಯಿತು.

8000ನೇ ಪೋರ್ಟ್ (ಆ ವಿಳಾಸದ ಕೊನೆಯ ಸಂಖ್ಯೆ) ಬೇರೆ ಪ್ರೋಗ್ರಾಮಿನ ಕೈಯಲ್ಲಿದೆ ಎಂದರೆ ರನ್‌ಸರ್ವರ್ ಮುಂದೆ 8080 ಹಾಕಿ. '18 ಮೈಗ್ರೇಷನ್ ಬಾಕಿ ಇದೆ' ಎಂಬ ಕೆಂಪು ಸಾಲು ದೋಷವಲ್ಲ, ಡೇಟಾಬೇಸಿನ ಕೋಷ್ಟಕಗಳು ಇನ್ನೂ ಸಿದ್ಧವಾಗಿಲ್ಲ ಎಂದಷ್ಟೇ ಅರ್ಥ, 'ಪೈಥಾನ್ ಮ್ಯಾನೇಜ್.ಪಿವೈ ಮೈಗ್ರೇಟ್' ಎಂದರೆ ಹೋಗುತ್ತದೆ. ಅದನ್ನು ಕಂಡು ಎಲ್ಲವನ್ನೂ ಅಳಿಸಿದವರಿದ್ದಾರೆ, ಆದ್ದರಿಂದ ಹೇಳಿದೆ. ಕಪ್ಪು ಕಿಟಕಿ ಮುಚ್ಚಿದರೆ ಸೈಟ್ ನಿಲ್ಲುತ್ತದೆ, ಅದು ಸಹಜ. ಹಳೆಯ ವಿಡಿಯೊ ನೋಡಿ ಕೋಡ್ ಬರೆದು 'ಯುಆರ್‌ಎಲ್ ಇಂಪೋರ್ಟ್ ಆಗುತ್ತಿಲ್ಲ' ಎಂದರೆ ಇನ್‌ಸ್ಟಾಲ್ ಕೆಟ್ಟಿಲ್ಲ, ಜಾಂಗೊ 4.0ರಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಅದರ ಬದಲು ಜಾಂಗೊದ 'ಪಾತ್' (ಮೇಲೆ ಹೇಳಿದ ವಿಂಡೋಸ್‌ನ ಪಾತ್ ಅಲ್ಲ) ಅಥವಾ 'ರೀ_ಪಾತ್' ಬಳಸಿ.

ಇಷ್ಟಾದರೂ ಆಗದೆ ಸೀನಿಯರನ್ನೋ ಮೇಷ್ಟ್ರನ್ನೋ ಕೇಳುವುದಾದರೆ ಮೂರು ಸಂಗತಿ ಕಳುಹಿಸಿ: ಕೆಂಪು ಪಟ್ಟಿಯ ಕೊನೆಯ ಸಾಲು, ವೇರ್ ಪೈಥಾನ್‌ನ ಉತ್ತರ, 'ಪೈಥಾನ್ -ಎಂ ಪಿಪ್ --ವರ್ಷನ್' ಎಂದಾಗ ಬರುವ ಸಾಲು. ಕಿಟಕಿಯಿಂದಲೇ ಅಕ್ಷರಗಳನ್ನು ಕಾಪಿ ಮಾಡಿ ಕಳುಹಿಸಿ. ಮೊಬೈಲಿನಲ್ಲಿ ಓರೆಯಾಗಿ ಹೊಡೆದ ಫೋಟೊದಲ್ಲಿ ಟ್ಯೂಬ್‌ಲೈಟಿನ ಬಿಂಬ ಚೆನ್ನಾಗಿ ಬಂದಿರುತ್ತದೆ, ಕೊನೆಯ ಸಾಲು ಮಾತ್ರ ಕತ್ತರಿಸಿ ಹೋಗಿರುತ್ತದೆ.