ಮೀಟರಿನ ಕೆಂಪು ದೀಪ ಎಣಿಸಿದ ಮಕ್ಕಳು

ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಡಿಸೆಂಬರ್ 14ರ ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನಕ್ಕೆ ಮಕ್ಕಳಿಂದ ಭಿತ್ತಿಪತ್ರ ಬರೆಸುತ್ತೇವೆ. ಚೆಂದವಾಗಿ ಬರೆಯುತ್ತಾರೆ, ಆದರೆ ಅದರಿಂದ ಫ್ಯಾನ್ ಆರಿಸುವ ಅಭ್ಯಾಸ ಬಂದದ್ದನ್ನು ನಾನು ಕಂಡಿಲ್ಲ. ಕಣ್ಣಿಗೆ ಕಾಣದ್ದನ್ನು ಉಳಿಸು ಎಂದರೆ ಯಾವ ಮಗು ತಾನೇ ಉಳಿಸೀತು? ಅದಕ್ಕೇ ಹತ್ತನೇ ತರಗತಿಯ ವಿದ್ಯುತ್ ಪಾಠವನ್ನು ಮೀಟರಿನ ಮುಂದೆ ಮಾಡತೊಡಗಿದೆ.

ನಮ್ಮ ಶಾಲೆಯ ಡಿಜಿಟಲ್ ಮೀಟರಿನಲ್ಲಿ ಸಣ್ಣ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಅದು 3200 ಸಲ ಮಿನುಗಿದರೆ ಒಂದು ಯೂನಿಟ್ ಖರ್ಚಾಯಿತೆಂದು ಲೆಕ್ಕ. ಆ ಸಂಖ್ಯೆ ಮೀಟರಿನ ಮೇಲೆಯೇ ಮುದ್ರಿತವಾಗಿದೆ. ಎಲ್ಲ ಸ್ವಿಚ್ ಆರಿಸಿ ಒಂದೇ ಉಪಕರಣ ಹಾಕುತ್ತೇವೆ. ಒಬ್ಬರು ಗಡಿಯಾರ ನೋಡುತ್ತಾರೆ, ಒಬ್ಬರು ಎಣಿಸುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ. ಮೀಟರನ್ನು ಯಾರೂ ಮುಟ್ಟುವಂತಿಲ್ಲ, ಒಂದು ಮಾರು ದೂರದಿಂದಲೇ ನೋಡಬೇಕು.

75 ವ್ಯಾಟ್‌ನ ಹಳೆಯ ಫ್ಯಾನ್‌ಗೆ ಸುಮಾರು ಹದಿನೈದು ಸೆಕೆಂಡಿಗೊಂದು ಮಿನುಗು. 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್‌ಗೆ ಹೆಚ್ಚುಕಡಿಮೆ ಒಂದು ನಿಮಿಷ ಕಾಯಬೇಕು. ಫ್ಯಾನಿನ ವೇಗ ತಗ್ಗಿಸಿದರೆ ಉಳಿತಾಯವಾಗುತ್ತದೆಯೇ ಎಂಬ ಹಳೆಯ ವಾದವನ್ನೂ ಅಲ್ಲೇ ಪರೀಕ್ಷಿಸಿದೆವು. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಹಳೆಯ ಡಬ್ಬಿಯಂಥದ್ದರಲ್ಲಿ ಉಳಿಯುವುದು ಕಡಿಮೆ, ಏಕೆಂದರೆ ಒಂದಷ್ಟು ವಿದ್ಯುತ್ ಆ ಡಬ್ಬಿಯನ್ನೇ ಬಿಸಿ ಮಾಡುತ್ತದೆ.

ಮಕ್ಕಳನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ನೀರಿನ ಪಂಪ್. ಒಂದು ಎಚ್‌ಪಿಯ ಮೋಟಾರು ಸುಮಾರು 1000 ವ್ಯಾಟ್ ಎಳೆಯುತ್ತದೆ, ದೀಪ ಸೆಕೆಂಡಿಗೊಮ್ಮೆ ಎಂಬಂತೆ ಮಿನುಗುತ್ತದೆ. ಟ್ಯಾಂಕ್ ತುಂಬಿ ನೀರು ಹೊರಚೆಲ್ಲುತ್ತಿದ್ದರೂ ಯಾರೋ ಬಂದು ಆರಿಸುವವರೆಗೆ ಅದು ಓಡುತ್ತಲೇ ಇರುತ್ತಿತ್ತು. 'ಸರ್, ಇದು ಹದಿಮೂರು ಫ್ಯಾನಿಗೆ ಸಮ' ಎಂದು ಲೆಕ್ಕ ಹಾಕಿ ಹೇಳಿದವಳು ಗಣಿತದಲ್ಲಿ ಬಾಯಿಬಿಡದ ಹುಡುಗಿ. ಟ್ಯಾಂಕ್ ತುಂಬಿದೊಡನೆ ಮೋಟಾರು ನಿಲ್ಲಿಸುವ ಫ್ಲೋಟ್ ಸ್ವಿಚ್ ಬೇಕೆಂದು ಮಕ್ಕಳೇ ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಅರ್ಜಿ ಬರೆದರು, ಅದು ಬಂತು. ಇನ್ನು ಬಿಸಿಯೂಟದ ಅಡುಗೆಮನೆಯಲ್ಲಿ ನಾವು ಹೇಳಿಕೊಡುವುದೇನೂ ಇರಲಿಲ್ಲ. ಬೇಳೆ ನೆನೆಹಾಕಿ ಮುಚ್ಚಿ ಬೇಯಿಸಿದರೆ ಸಿಲಿಂಡರ್ ಹೆಚ್ಚು ದಿನ ಬರುತ್ತದೆಂದು ಅಡುಗೆಯ ಅಕ್ಕಂದಿರೇ ಮಕ್ಕಳಿಗೆ ಪಾಠ ಮಾಡಿದರು.

'ನಮ್ಮ ಮನೆಗೆ ಬಿಲ್ಲೇ ಬರುವುದಿಲ್ಲ, ಯಾಕೆ ಉಳಿಸಬೇಕು ಸರ್?' 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆ. ದುಡ್ಡಿನ ಮಾತು ಬಿಟ್ಟು ನಾನು ಶರಾವತಿಯ ಮಾತು ತೆಗೆಯುತ್ತೇನೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳವರ ಮೊಮ್ಮಕ್ಕಳು, ಮರಿಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ. ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದರೆ ಬಿಟ್ಟುಬಂದ ತೋಟಗಳು, ಕಿತ್ತುತಂದ ಬಾಗಿಲು ಕಂಬಗಳು, ಇನ್ನೂ ಕೈಗೆ ಸಿಗದ ಹಕ್ಕುಪತ್ರಗಳು ನೋಟ್‌ಬುಕ್ಕಿಗೆ ಬರುತ್ತವೆ. ಆ ನೀರಿನಿಂದ 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ನಡೆಯುತ್ತದೆ. ಮಳೆ ಕೈಕೊಟ್ಟ ವರ್ಷ ರಾಯಚೂರಿನಲ್ಲಿ ಸುಡುವ ಕಲ್ಲಿದ್ದಲಿನ ಮೇಲೆ ಭಾರ ಹೆಚ್ಚುತ್ತದೆ. ಬಿಲ್ ಸೊನ್ನೆಯಾದರೂ ಬೆಲೆ ತೆತ್ತವರು ಇದ್ದಾರೆಂಬುದನ್ನು ಅವರಿಗೆ ನಾನು ವಿವರಿಸಬೇಕಾಗುವುದಿಲ್ಲ.

ಓದುವ ದೀಪ ಆರಿಸಿ ಎಂದು ಮಾತ್ರ ನಾನು ಯಾವ ಮಗುವಿಗೂ ಹೇಳುವುದಿಲ್ಲ. 9 ವ್ಯಾಟ್‌ನ ಬಲ್ಬ್ ನಾಲ್ಕು ಗಂಟೆ ಉರಿದಾಗ ಆಗುವ ಖರ್ಚನ್ನು ಆ ಪಂಪ್ ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಸುತ್ತದೆ. ಎಲ್ಲಿ ಕೈಬಿಗಿ ಹಿಡಿಯಬೇಕು, ಎಲ್ಲಿ ಬೇಡ ಎಂಬುದನ್ನು ಎಣಿಕೆಯೇ ಕಲಿಸುತ್ತದೆ.

ಇದನ್ನು ಮಾಡಿನೋಡಬೇಕೆನ್ನುವ ಶಿಕ್ಷಕರು ಮೊದಲು ತಮ್ಮ ಮೀಟರಿನ ಮೇಲಿನ ಸಂಖ್ಯೆ ಓದಿಕೊಳ್ಳಿ. ಎಲ್ಲ ಕಡೆ 3200 ಇರುವುದಿಲ್ಲ, ಕೆಲವದರಲ್ಲಿ 1600, ಕೆಲವದರಲ್ಲಿ 6400 ಇರುತ್ತದೆ. 3600ನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ.