ಜೀನ್ ಆನ್ ಆಯ್ತು, ಮೈಲಿನ್ ಮಾತ್ರ ಬರಲಿಲ್ಲ

ಮೊದಲ ಮೂರು ತಿಂಗಳು ನಾನು ಸಾಕಿದ್ದು ಶ್ವಾನ್ ಕೋಶಗಳನ್ನಲ್ಲ, ನರದಲ್ಲೇ ಇರುವ ಬೇರೆ ಬಗೆಯ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳನ್ನು. ಅದೂ ಗೊತ್ತಿಲ್ಲದೆ. ಡಿಶ್ ತುಂಬಾ ಕೋಶ ಬೆಳೆದಿದೆ ಅಂತ ಖುಷಿಯಲ್ಲಿದ್ದೆ. ಆಮೇಲೆ ಶ್ವಾನ್ ಕೋಶದ ಗುರುತಾದ ಎಸ್-100 ಪ್ರೋಟೀನಿಗೆ ಬಣ್ಣ ಹಾಕಿ ನೋಡಿದರೆ, ಶ್ವಾನ್ ಕೋಶ ಅಂತ ಹೊಳೆದದ್ದು ಅಲ್ಲೊಂದು ಇಲ್ಲೊಂದು.

ಕೈಕಾಲಿನ ನರಗಳಲ್ಲಿ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಸುತ್ತುವುದು ಶ್ವಾನ್ ಕೋಶಗಳು. ಒಂದು ಕೋಶ ಒಂದೇ ಆಕ್ಸಾನಿನ (ನರಕೋಶದ ಉದ್ದ ಎಳೆ) ಒಂದೇ ತುಂಡಿಗೆ ತನ್ನ ಪೊರೆಯನ್ನು ಚಾಪೆ ಸುತ್ತಿದ ಹಾಗೆ ಸುತ್ತುತ್ತದೆ. ಆಕ್ಸಾನ್ ಸುಮಾರು 1 ಮೈಕ್ರೋಮೀಟರಿಗಿಂತ ದಪ್ಪ ಇದ್ದರೆ ಮಾತ್ರ. ಸಣ್ಣ ಆಕ್ಸಾನ್‌ಗಳನ್ನು ಸುಮ್ನೆ ಗುಂಪಾಗಿ ಮಡಿಲಲ್ಲಿ ಇಟ್ಟುಕೊಳ್ಳುತ್ತದೆ, ಸುತ್ತುವುದಿಲ್ಲ. ಸುತ್ತಬೇಕೋ ಬೇಡವೋ ಅನ್ನುವ ತೀರ್ಮಾನ ಕೋಶದ ಒಳಗೆ ಯಾವ ಜೀನ್‌ಗಳ ಮೂಲಕ ಆಗುತ್ತದೆ ಅನ್ನುವುದೇ ನನ್ನ ಕೆಲಸ.

ಆದರೆ ಮೊದಲು ಕೋಶ ಕೈಗೆ ಸಿಗಬೇಕಲ್ವಾ? ಹುಟ್ಟಿ ಮೂರು ದಿನವಾದ ಇಲಿಮರಿಯ ಸಯಾಟಿಕ್ ನರ (ಹಿಂಗಾಲಿನ ದಪ್ಪ ನರ) ತೆಗೆದು, ಕೊಲಾಜಿನೇಸ್ ಮತ್ತು ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ಕೋಶಗಳನ್ನು ಬಿಡಿಸುತ್ತೇವೆ. ಆ ವಯಸ್ಸಿನಲ್ಲಿ ಮೈಲಿನ್ ಈಗಷ್ಟೇ ಶುರುವಾಗಿರುತ್ತದೆ, ಕೋಶಗಳು ಬೇಗ ಬಿಟ್ಟುಕೊಳ್ಳುತ್ತವೆ. ನನ್ನ ತಪ್ಪು ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಫೈಬ್ರೋಬ್ಲಾಸ್ಟ್ ಬೆಳವಣಿಗೆಯ ಅಂಶಗಳಿರುವ ರಕ್ತದ ದ್ರವವಾದ ಸೀರಮ್‌ನಲ್ಲಿ ದಡಬಡ ಅಂತ ವಿಭಜನೆ ಆಗುತ್ತದೆ, ಶ್ವಾನ್ ಕೋಶ ನಿಧಾನ. ಅದಕ್ಕೇ ವಿಭಜನೆ ಆಗುತ್ತಿರುವ ಕೋಶವನ್ನು ಕೊಲ್ಲುವ ಅರಾ-ಸಿ ಎರಡು ಮೂರು ದಿನ ಕೊಡಬೇಕು. ನಾನು ಶ್ವಾನ್ ಕೋಶಗಳಿಗೂ ಪೆಟ್ಟಾಗುತ್ತದೇನೋ ಅಂತ ಹೆದರಿ ಒಂದೇ ದಿನಕ್ಕೆ ತೆಗೆಯುತ್ತಿದ್ದೆ. ಉಳಿದ ಹತ್ತಾರು ಫೈಬ್ರೋಬ್ಲಾಸ್ಟ್ ಒಂದು ವಾರದಲ್ಲಿ ಇಡೀ ಡಿಶ್ ಆಕ್ರಮಿಸುತ್ತಿದ್ದವು. ಈಗ ಮೂರು ದಿನ ಪೂರ್ತಿ ಕೊಡುತ್ತೇನೆ. ಅದರ ಮೇಲೂ ಉಳಿದವಕ್ಕೆ ಫೈಬ್ರೋಬ್ಲಾಸ್ಟ್ ಮೇಲಿನ ಥೈ-1 ಪ್ರೋಟೀನಿಗೆ ಅಂಟುವ ಪ್ರತಿಕಾಯ, ಜೊತೆಗೆ ಹಾಗೆ ಅಂಟಿದ ಕೋಶವನ್ನು ಕೊಲ್ಲುವ ಕಾಂಪ್ಲಿಮೆಂಟ್ ಅನ್ನುವ ರಕ್ತದ ಪ್ರೋಟೀನ್‌ಗಳು.

ಈಗ ಬಣ್ಣ ಹಾಕದೆಯೂ ಮೈಕ್ರೋಸ್ಕೋಪಿನಲ್ಲಿ ಗುರುತು ಸಿಗುತ್ತದೆ. ಶ್ವಾನ್ ಕೋಶ ಕದಿರಿನ ಆಕಾರ: ಎರಡು ತುದಿ ಚೂಪು, ನಡುವೆ ಉಬ್ಬು, ಅಂಚು ಹೊಳೆಯುತ್ತದೆ. ಅಕ್ಕಪಕ್ಕದವು ಒಂದೇ ದಿಕ್ಕಿಗೆ ಮುಖ ಮಾಡಿ ಮೀನಿನ ಹಿಂಡಿನ ಹಾಗೆ ಸಾಲಾಗುತ್ತವೆ. ಫೈಬ್ರೋಬ್ಲಾಸ್ಟ್ ಮಾತ್ರ ನೆಲಕ್ಕೆ ಅಂಟಿದ ಒದ್ದೆ ಬಟ್ಟೆ.

ಸರಿ, ಜೀನ್‌ಗಳ ವಿಷಯಕ್ಕೆ ಬರೋಣ. ಸಾಕ್ಸ್-10 ಅನ್ನುವ ಪ್ರೋಟೀನ್ ಶ್ವಾನ್ ಕೋಶದಲ್ಲಿ ಮೊದಲಿನಿಂದಲೂ ಇರುತ್ತದೆ. ಅದಿಲ್ಲದೆ ಈ ಕೋಶವೇ ಹುಟ್ಟುವುದಿಲ್ಲ. ಆಕ್ಸಾನಿನಿಂದ ಸರಿಯಾದ ಸೂಚನೆ ಬಂದಾಗ ಆಕ್ಟ್-6 ಅನ್ನುವ ಇನ್ನೊಂದು ಪ್ರೋಟೀನ್ ಬರುತ್ತದೆ. ಇವೆರಡೂ ಸೇರಿ ಕ್ರಾಕ್ಸ್-20 ಜೀನನ್ನು ಎಬ್ಬಿಸುತ್ತವೆ. ಎಬ್ಬಿಸುವ ಜಾಗ ಜೀನಿನ ಪಕ್ಕದಲ್ಲೇ ಇಲ್ಲ, ಸುಮಾರು 35 ಸಾವಿರ ಅಕ್ಷರ ಆಚೆ ಡಿಎನ್‌ಎಯಲ್ಲಿ ಒಂದು ಪುಟ್ಟ ತುಂಡಾಗಿದೆ. ಕ್ರಾಕ್ಸ್-20 ಎದ್ದಮೇಲೆ ಮೈಲಿನ್ ಪ್ರೋಟೀನ್‌ಗಳಾದ ಪಿ-ಝೀರೋ, ಎಂಬಿಪಿಯ ಜೀನ್‌ಗಳು, ಕೊಲೆಸ್ಟರಾಲ್ ತಯಾರಿಸುವ ಜೀನ್‌ಗಳು ಎಲ್ಲ ಏರುತ್ತವೆ. ಪಿ-ಝೀರೋ ಒಂದೇ ಈ ನರಗಳ ಮೈಲಿನ್ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಜಾಸ್ತಿ. ಕ್ರಾಕ್ಸ್-20 ಇಲ್ಲದ ಇಲಿಗಳನ್ನು 1994ರಲ್ಲಿ ನೋಡಿದಾಗ, ಶ್ವಾನ್ ಕೋಶ ಆಕ್ಸಾನಿನ ಪಕ್ಕ ಬಂದು, ಒಂದಕ್ಕೆ ಒಂದರಂತೆ ಹಿಡಿದು, ಅಲ್ಲಿಗೇ ನಿಂತುಬಿಟ್ಟಿತ್ತು.

ಇದನ್ನೆಲ್ಲ ಓದಿದ್ದ ನಾನು ಕ್ರಾಕ್ಸ್-20 ಎಬ್ಬಿಸಿದರೆ ಮುಗಿಯಿತು ಅಂದುಕೊಂಡೆ. ಆಕ್ಸಾನಿನ ಸೂಚನೆ ಕೋಶದೊಳಗೆ ಹೋಗುವ ಒಂದು ದಾರಿ ಸೈಕ್ಲಿಕ್ ಎಎಂಪಿ ಅನ್ನುವ, ಸಂದೇಶ ಸಾಗಿಸುವ ಪುಟ್ಟ ಅಣು. ಅದನ್ನು ಹೊರಗಿನಿಂದಲೇ ಏರಿಸಬಹುದು. ಡಿಶ್‌ಗೆ ಕೋಶದೊಳಗೆ ನುಗ್ಗಬಲ್ಲ ಅದರ ರೂಪವಾದ ಡೈಬ್ಯುಟಿರಿಲ್ ಸೈಕ್ಲಿಕ್ ಎಎಂಪಿ ಹಾಕಿ ಮೂರು ದಿನ ಕಾದೆ. ಕೋಶಗಳು ಜೋರಾಗಿ ಹೆಚ್ಚಿದವು. ಕ್ರಾಕ್ಸ್-20 ಪತ್ತೆ ಇಲ್ಲ. ಎರಡು ಸಲ, ಮೂರು ಸಲ ಮಾಡಿದರೂ ಅದೇ ಕಥೆ. ಔಷಧವೇ ಹಾಳಾಗಿದೆ ಅಂತ ಹೊಸ ಬಾಟಲ್ ತರಿಸಿದೆ.

ನಮ್ಮ ಲ್ಯಾಬಿನ ಹಿರಿಯರೊಬ್ಬರು ನನ್ನ ನೋಟ್‌ಬುಕ್ ತಿರುವಿ ಒಂದೇ ಮಾತು ಕೇಳಿದರು: "ಸೀರಮ್ ತೆಗೆದ್ಯಾ?"

ತೆಗೆದಿರಲಿಲ್ಲ. ಬೆಳೆಸುವ ಮೀಡಿಯಂನಲ್ಲೇ, 10 ಶೇಕಡಾ ಸೀರಮ್ ಇಟ್ಟುಕೊಂಡೇ, ಔಷಧ ಹಾಕುತ್ತಿದ್ದೆ. ಶ್ವಾನ್ ಕೋಶಕ್ಕೆ ಸೈಕ್ಲಿಕ್ ಎಎಂಪಿ ಎರಡು ಬಗೆಯಲ್ಲಿ ಕೇಳಿಸುತ್ತದೆ. ಬೆಳವಣಿಗೆಯ ಅಂಶಗಳು ಜಾಸ್ತಿ ಇದ್ದರೆ 'ವಿಭಜನೆ ಆಗು' ಅಂತ, ಕಡಿಮೆ ಇದ್ದರೆ 'ಬಲಿತುಕೋ' ಅಂತ. ವಿಭಜನೆ ನಡೆಯುವಾಗ ಸಿ-ಜನ್, ಸಾಕ್ಸ್-2 ಅನ್ನುವ ಪ್ರೋಟೀನ್‌ಗಳು ಮೇಲಿರುತ್ತವೆ, ಅವು ಮೈಲಿನ್‌ಗೆ ಬ್ರೇಕು. ಕ್ರಾಕ್ಸ್-20 ಏರಿದರೆ ಸಿ-ಜನ್ ಇಳಿಯಬೇಕು, ಸಿ-ಜನ್ ಗಟ್ಟಿಯಾಗಿದ್ದರೆ ಕ್ರಾಕ್ಸ್-20 ಏಳುವುದಿಲ್ಲ. ನಾನು ಆಕ್ಸಿಲರೇಟರ್ ಒತ್ತುತ್ತಿದ್ದೆ, ಬ್ರೇಕ್ ಮೇಲಿನ ಕಾಲು ಎತ್ತಿರಲಿಲ್ಲ.

ಸೀರಮ್ ಇಳಿಸಿ, ಕೋಶಗಳನ್ನು ಸ್ವಲ್ಪ ಒತ್ತೊತ್ತಾಗಿ ಹಾಕಿ, ಒಂದು ದಿನ ಬಿಟ್ಟು ಔಷಧ ಕೊಟ್ಟೆ. ಎರಡನೇ ದಿನಕ್ಕೇ ಕೋಶದ ಆಕಾರ ಬದಲಾಯಿತು. ಕದಿರು ಹೋಗಿ ಅಗಲವಾದ ಹಾಳೆಯಾಯಿತು. ಆರ್‌ಎನ್‌ಎ ಅಳೆದರೆ ಕ್ರಾಕ್ಸ್-20 ಮೇಲೆ, ಪಿ-ಝೀರೋ ಮೇಲೆ, ಸಿ-ಜನ್ ಕೆಳಗೆ. (ಅಳೆಯುವವರಿಗೆ ಒಂದು ಮಾತು: ಹೋಲಿಕೆಗೆ ಒಂದೇ ಜೀನ್ ಇಟ್ಟುಕೊಳ್ಳಬೇಡಿ. ವಿಭಜನೆ ನಿಂತಾಗ, ಬದಲಾಗುವುದಿಲ್ಲ ಅಂತ ನಾನು ನಂಬಿದ್ದ ಜೀನೇ ಬದಲಾಗಿತ್ತು.)

ಆಮೇಲೆ ಕ್ರೊಮಾಟಿನ್ (ಪ್ರೋಟೀನ್ ಜೊತೆ ಸೇರಿದ ಡಿಎನ್‌ಎ) ಹಿಡಿಯುವ ಪ್ರಯೋಗ. ಫಾರ್ಮಾಲ್ಡಿಹೈಡ್ ಹಾಕಿ ಪ್ರೋಟೀನನ್ನು ಡಿಎನ್‌ಎಗೆ ಕಟ್ಟಿ, ಶಬ್ದದಿಂದ ಒಡೆದು, ಪ್ರತಿಕಾಯದಿಂದ ಕ್ರಾಕ್ಸ್-20 ಪ್ರೋಟೀನನ್ನು ಎಳೆದು, ಜೊತೆಗೆ ಯಾವ ಡಿಎನ್‌ಎ ಬಂತು ಅಂತ ನೋಡುವುದು. ಪಿ-ಝೀರೋ ಜೀನಿನ ಮೊದಲ ಇಂಟ್ರಾನಿನಲ್ಲಿ (ಜೀನಿನ ನಡುವೆ ಬರುವ, ಪ್ರೋಟೀನ್ ಬರೆಯದ ತುಂಡು) ಅದು ಕೂತಿತ್ತು, ಸಾಕ್ಸ್-10 ಕೂಡ ಅಲ್ಲೇ. ಹೊಸ ವಿಷಯವೇನಲ್ಲ, ಆದರೆ ನನ್ನ ಕೈಯಲ್ಲಿ ಬಂದದ್ದು ನನಗೆ ಹೊಸದೇ.

ಇಷ್ಟೆಲ್ಲ ಆದರೂ ಡಿಶ್‌ನಲ್ಲಿ ಮೈಲಿನ್ ಇರಲಿಲ್ಲ. ಪ್ರೋಟೀನ್ ಇತ್ತು, ಸುತ್ತು ಇರಲಿಲ್ಲ. ಸುತ್ತುವುದಕ್ಕೆ ಏನೂ ಇಲ್ಲದಿದ್ದರೆ ಏನು ಸುತ್ತುತ್ತದೆ ಪಾಪ!

ಹಾಗಾಗಿ 15 ದಿನದ ಇಲಿ ಭ್ರೂಣದ ಬೆನ್ನುಹುರಿ ಪಕ್ಕದ, ನರಕೋಶದ ಗಂಟುಗಳಾದ ಗ್ಯಾಂಗ್ಲಿಯಾನ್‌ಗಳಿಂದ ನ್ಯೂರಾನ್ ಬೆಳೆಸಿದೆ. ಆಕ್ಸಾನ್‌ಗಳು ಬಲೆಯ ಹಾಗೆ ಹರಡಿದ ಮೇಲೆ ಶ್ವಾನ್ ಕೋಶ ಹಾಕಿದೆ. ಅವು ಆಕ್ಸಾನ್ ಹಿಡಿದು ಉದ್ದಕ್ಕೆ ಸಾಲಾದವು. ಇಲ್ಲಿ ಹೊರಗಿನ ಸೈಕ್ಲಿಕ್ ಎಎಂಪಿ ಬೇಡ, ಆಕ್ಸಾನ್ ಮೇಲಿನ ನ್ಯೂರೆಗ್ಯುಲಿನ್ ಮುಂತಾದ ಪ್ರೋಟೀನ್‌ಗಳೇ ಮಾತಾಡುತ್ತವೆ. ಆದರೆ ವಿಟಮಿನ್ ಸಿ ಕೊಡಲೇಬೇಕು. ಅದಿಲ್ಲದೆ ಕೋಶದ ಹೊರಗಿನ ಕೊಲಾಜೆನ್ ಪದರ ಕೂಡಿಕೊಳ್ಳುವುದಿಲ್ಲ, ಆ ಪದರ ಇಲ್ಲದೆ ಸುತ್ತು ಶುರುವಾಗುವುದಿಲ್ಲ. ನಾನು ಕೊಟ್ಟೆ. ಎರಡು ವಾರ ಕಾದೆ. ಏನೂ ಇಲ್ಲ. ಆಮೇಲೆ ಫ್ರಿಜ್‌ನಲ್ಲಿದ್ದ ವಿಟಮಿನ್ ಸಿ ಟ್ಯೂಬ್ ಬೆಳಕಿಗೆ ಹಿಡಿದು ನೋಡಿದರೆ ಹಳದಿ. ಗಾಳಿಗೆ ಕೆಟ್ಟುಹೋಗಿತ್ತು. ಜೀನ್‌ಗಳ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವರ ಪ್ರಯೋಗ ಒಂದು ಟ್ಯೂಬಿನಿಂದ ಮಲಗಿತ್ತು. ಈಗ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿ ಇಡುತ್ತೇನೆ, ಒಮ್ಮೆ ಕರಗಿಸಿದ್ದನ್ನು ಮತ್ತೆ ಮುಟ್ಟುವುದಿಲ್ಲ, ಎರಡು ದಿನಕ್ಕೊಮ್ಮೆ ಹೊಸ ಮೀಡಿಯಂ.

ಮುಂದಿನ ಸಲ ಎಂಬಿಪಿಗೆ ಕೆಂಪು, ಆಕ್ಸಾನಿಗೆ ಹಸಿರು ಬಣ್ಣ ಹಾಕಿ ನೋಡಿದೆ. ಹಸಿರು ದಾರದ ಮೇಲೆ ಉದ್ದುದ್ದ ಕೆಂಪು ಕೊಳವೆಗಳು. ಒಂದರ ಪಕ್ಕ ಒಂದು ಬಂದ ಕಡೆ ನಡುವೆ ಚಿಕ್ಕ ಸಂದು. ಒಂದೊಂದು ಕೊಳವೆಯ ಮಧ್ಯದಲ್ಲಿ ಒಂದೇ ನ್ಯೂಕ್ಲಿಯಸ್, ಅದರಲ್ಲಿ ಕ್ರಾಕ್ಸ್-20. ಪಕ್ಕದ್ದೇ ಆಕ್ಸಾನ್ ಮೇಲೆ ಇನ್ನೊಂದು ಕೋಶ, ಅದೇ ಮೀಡಿಯಂ, ಅದೇ ವಿಟಮಿನ್, ಆದರೆ ಕೆಂಪು ಇಲ್ಲ, ಕ್ರಾಕ್ಸ್-20ಯೂ ಇಲ್ಲ. ಆಕ್ಸಾನ್ ಅದಕ್ಕೆ ಹೇಳಿಲ್ಲ, ಅಷ್ಟೇ.

ಎಷ್ಟು ಹೇಳಬೇಕು ಅನ್ನುವುದೂ ಮುಖ್ಯ. ಪಿಎಂಪಿ-22 ಅನ್ನುವ ಇನ್ನೊಂದು ಮೈಲಿನ್ ಜೀನ್ ನೋಡಿ. ಅದರಲ್ಲಿ ತಪ್ಪು ಏನೂ ಇಲ್ಲದೆ, ಸುಮ್ನೆ ಒಂದು ಪ್ರತಿ ಜಾಸ್ತಿ ಇದ್ದರೆ ಕೈಕಾಲಿನ ನರಗಳು ಸೋಲುವ ಷಾರ್ಕೋ-ಮರಿ-ಟೂತ್ ಕಾಯಿಲೆಯ 1ಎ ಬಗೆ ಬರುತ್ತದೆ. ಒಂದು ಪ್ರತಿ ಕಡಿಮೆಯಾದರೆ ಒತ್ತಿದ ಕಡೆ ನರ ಜೋಮು ಹಿಡಿಯುವ ಬೇರೆ ಕಾಯಿಲೆ. ಕ್ರಾಕ್ಸ್-20 ಜೀನಿನಲ್ಲೇ ದೋಷ ಇರುವ ರೋಗಿಗಳನ್ನು 1998ರಲ್ಲಿ ಗುರುತಿಸಿದರು. ಆದ್ದರಿಂದ ಈಗ ಯಾರಾದರೂ ಈ ಜೀನ್‌ಗಳನ್ನು ಸ್ವಿಚ್ ಅಂದರೆ ನನಗೆ ಸ್ವಲ್ಪ ಕಿರಿಕಿರಿ.

ಕೊನೆಗೆ ಒಂದು ಪ್ರಯೋಗ ಮಾಡಿದೆ, ಕುತೂಹಲಕ್ಕೆ. ಮೈಲಿನ್ ಚೆನ್ನಾಗಿ ಬಂದ ಡಿಶ್‌ನಲ್ಲಿ ನ್ಯೂರಾನ್ ಗುಂಪಿನ ಸುತ್ತ ಬ್ಲೇಡಿನಿಂದ ಒಂದು ಗೆರೆ ಎಳೆದು ಆಕ್ಸಾನ್ ಕತ್ತರಿಸಿದೆ. ಮೀಡಿಯಂ ಬದಲಿಸಲಿಲ್ಲ, ಔಷಧ ಹಾಕಲಿಲ್ಲ. ಎರಡು ದಿನಕ್ಕೆ ಹಸಿರು ದಾರ ಚೂರುಚೂರು. ಆಮೇಲಿನ ದಿನಗಳಲ್ಲಿ ಉದ್ದದ ಕೆಂಪು ಕೊಳವೆಗಳು ಒಡೆದು ಗುಂಡುಗುಂಡಾದ ಮಣಿಗಳಾದವು. ನ್ಯೂಕ್ಲಿಯಸ್‌ನಲ್ಲಿದ್ದ ಕ್ರಾಕ್ಸ್-20 ಮಂಕಾಯಿತು. ಅದೇ ಜಾಗದಲ್ಲಿ ಸಿ-ಜನ್ ಹೊಳೆಯುತ್ತಿತ್ತು.