ಅಕ್ಷರವನ್ನು ಓದದೆ ನೋಡುವುದು ಹೇಗೆ?

ಮಳೆಗಾಲದಲ್ಲಿ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ. ಮಂಜಿನೊಳಗಿಂದ ಬಸ್ಸು ಬರುತ್ತದೆ, ಬೋರ್ಡಿನಲ್ಲಿ ‘ಭಾಗಮಂಡಲ’ ಅಂತ ದೂರದಿಂದಲೇ ಗೊತ್ತಾಗುತ್ತದೆ, ಅಲ್ವಾ? ಆದರೆ ‘ಭ’ದ ಕೆಳಗಿನ ಸೀಳು ನಿಮಗೆ ನಿಜವಾಗಿ ಕಂಡಿತ್ತಾ? ಎಷ್ಟೋ ಸಲ ಕಂಡಿರುವುದಿಲ್ಲ. ಊರಿನ ಹೆಸರು ಗೊತ್ತಿರುವುದರಿಂದ ಮಿಕ್ಕಿದ್ದನ್ನು ತಲೆಯೇ ತುಂಬಿಕೊಂಡಿರುತ್ತದೆ. ಅರ್ಥ ಸಿಕ್ಕ ಕೂಡಲೇ ಕಣ್ಣು ಆಕಾರವನ್ನು ಬಿಟ್ಟು ಮುಂದೆ ಓಡುತ್ತದೆ. ಡಿಸೈನ್ ಕಲಿಯುವಾಗ ಮೊದಲು ಆಗುವ ಅಭ್ಯಾಸ ಆ ಓಟವನ್ನು ತಡೆಯುವುದು. ಅದನ್ನು ನೀವೂ ಮಾಡಬಹುದು.

ಒಂದೇ ಅಕ್ಷರ ಹಿಡಿಯಿರಿ, ‘ಕ’ ಅಂತ ಇಟ್ಟುಕೊಳ್ಳಿ. ಪೇಟೆಯಲ್ಲಿ ಸುಮ್ನೆ ನಡೆಯುತ್ತಾ ಹತ್ತು ಬೋರ್ಡುಗಳ ‘ಕ’ ಫೋಟೊ ತೆಗೆಯಿರಿ. ಮನೆಗೆ ಬಂದು ಫೋನನ್ನು ತಲೆಕೆಳಗು ಮಾಡಿ ನೋಡಿ. ಈಗ ಅದನ್ನು ಓದಲು ಬರುವುದಿಲ್ಲ, ಹಾಗಾಗಿ ಗೀಟುಗಳು ಕಾಣತೊಡಗುತ್ತವೆ: ತಲೆಕಟ್ಟು ಎಷ್ಟು ಉದ್ದ, ಅಡ್ಡಗೀಟು ಎಷ್ಟು ದಪ್ಪ, ಕೆಳಗಿನ ಹೊಟ್ಟೆ ಗುಂಡಗಿದೆಯಾ ಚಪ್ಪಟೆಯಾ. ಪೆನ್ಸಿಲಿನಲ್ಲಿ ಬರೆದು ನೋಡಿ, ಇದನ್ನು ಮಾತ್ರ ತಪ್ಪಿಸಬೇಡಿ. ನೋಡಿದ್ದೇವೆ ಅಂದುಕೊಂಡು ನೋಡದೇ ಬಿಟ್ಟದ್ದೆಲ್ಲ ಕೈಗೆ ಸಿಗುವುದು ಬರೆಯುವಾಗಲೇ.

ಆಮೇಲೆ ಒತ್ತಕ್ಷರ. ನನಗೆ ಎಲ್ಲಕ್ಕಿಂತ ಇಷ್ಟದ ಜಾಗ ಇದು. ಅಂಗಡಿ ಮುಂದೆ ‘ಏಲಕ್ಕಿ’ ಅಂತ ಬರೆದಿದ್ದರೆ ಹತ್ತಿರ ಹೋಗಿ. ಮೇಲಿನ ‘ಕ’ಕ್ಕೆ ತಲೆಕಟ್ಟಿನ ಜಾಗದಲ್ಲಿ ಗುಡಿಸು ಬಂದಿದೆ, ಕೆಳಗೆ ತಲೆಕಟ್ಟಿಲ್ಲದ ಪುಟ್ಟ ‘ಕ’ ಕೂತಿದೆ. ದೊಡ್ಡ ಅಕ್ಷರವನ್ನು ಕಂಪ್ಯೂಟರಿನಲ್ಲಿ ಹಾಗೇ ಕುಗ್ಗಿಸಿ ಇಟ್ಟಿದ್ದರೆ ಒತ್ತಿನ ಗೀಟು ತೆಳ್ಳಗಾಗಿ, ಮೇಲಿನದು ದಪ್ಪ, ಕೆಳಗಿನದು ಬಡಕಲು ಅನ್ನಿಸುತ್ತದೆ. ಒಳ್ಳೆಯ ಫಾಂಟಿನಲ್ಲಿ ಒತ್ತನ್ನು ಬೇರೆಯಾಗಿಯೇ ಬಿಡಿಸಿ ದಪ್ಪ ಸರಿಹೊಂದಿಸಿರುತ್ತಾರೆ. ಒಮ್ಮೆ ಇದು ಕಣ್ಣಿಗೆ ಬಿದ್ದರೆ ಆಮೇಲೆ ಎಲ್ಲಾ ಕಡೆ ಕಾಣುತ್ತದೆ.

ಕೊನೆಗೆ ಹೋಲಿಕೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಅನ್ನುವ ಎರಡು ಫಾಂಟುಗಳೂ ಉಚಿತ. ಎರಡರಲ್ಲೂ ಅದೇ ‘ಏಲಕ್ಕಿ’ ಟೈಪ್ ಮಾಡಿ, ಪಕ್ಕಪಕ್ಕ ಇಡಿ. ಆಮೇಲೆ ಒಂದೇ ಪದದಲ್ಲಿ ಎರಡನ್ನೂ ಬೆರೆಸಿ ನೋಡಿ, ಓದು ತೊಡರುತ್ತದೆ. ಒಂದೇ ಫಾಂಟಿನ ಅಕ್ಷರಗಳನ್ನು ಬೆರಕೆಗಿಂತ ಸಲೀಸಾಗಿ ಗುರುತಿಸುತ್ತೇವೆ ಅಂತ ಮನಶ್ಶಾಸ್ತ್ರಜ್ಞ ಥಾಮಸ್ ಸನಾಕಿ 1980ರ ದಶಕದಲ್ಲೇ ಇಂಗ್ಲಿಷ್ ಅಕ್ಷರಗಳ ಪ್ರಯೋಗದಲ್ಲಿ ತೋರಿಸಿದ್ದರು. ಅಂದರೆ ಓದುವಾಗ ನಮ್ಮ ಕಣ್ಣು ಫಾಂಟಿಗೆ ಹೊಂದಿಕೊಳ್ಳುತ್ತಲೇ ಇರುತ್ತದೆ, ನಮಗೆ ಮಾತ್ರ ಗೊತ್ತಾಗುವುದಿಲ್ಲ.

ದಿನಕ್ಕೆ ಹತ್ತು ನಿಮಿಷ ಸಾಕು, ಜಾಸ್ತಿ ಬೇಡ. ನಾಳೆ ಕಾಫಿ ಪುಡಿ ಪ್ಯಾಕೆಟ್ ಒಡೆಯುವ ಮೊದಲು ‘ಫಿ’ ನೋಡಿ. ಅದರ ಕೆಳಗಿನ ಗೀಟು ಸಣ್ಣ ಅಚ್ಚಿನಲ್ಲೂ ಬಿಡಿಯಾಗಿ ಉಳಿದಿದೆಯಾ, ಮಸಿ ತುಂಬಿ ಮುಚ್ಚಿಹೋಗಿದೆಯಾ?